ಓದುಗರ ಪ್ರಶ್ನೆ, ವೈದ್ಯರ ಉತ್ತರ: ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ತಿಳಿಯುವುದು ಹೇಗೆ?

ಈ ಸಂಚಿಕೆಗೆ ಆಯ್ದುಕೊಂಡ ಪತ್ರಗಳೆಲ್ಲವೂ ಮೂತ್ರಪಿಂಡದ ಕೆಲಸವನ್ನು ಅಳೆಯುವ ಪರೀಕ್ಷೆಗಳಿಗೆ ಸಂಬಂಧಿಸಿದವು. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಬಿಟ್ಟು ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ನನ್ನ ಅತ್ತೆಯವರಿಗೆ 65 ವರ್ಷ. ಅವರ ರಕ್ತದಲ್ಲಿ ಕ್ರಿಯಾಟಿನಿನ್ 1.1 ಇದ್ದು, ಅದು ಸಹಜ ಮಿತಿಯೊಳಗಿದೆ ಎಂದು ವರದಿಯಲ್ಲಿದೆ. ಅದೇ ವರದಿಯ ಕೆಳಸಾಲಿನಲ್ಲಿ ಇಜಿಎಫ್‌ಆರ್ 56 ಎಂದು ನಮೂದಿಸಿ, ಕಡಿಮೆ ಎಂಬ ಗುರುತು ಹಾಕಿದ್ದಾರೆ. ನನ್ನ ತಮ್ಮನಿಗೆ 25 ವರ್ಷ. ಅವನ ಕ್ರಿಯಾಟಿನಿನ್ ಕೂಡ 1.1, ಆದರೆ ಇಜಿಎಫ್‌ಆರ್ 96. ಇದು ಹೇಗೆ ಸಾಧ್ಯ? ಯಾವುದನ್ನು ನಂಬಬೇಕು?

ಉತ್ತರ: ಎರಡು ವರದಿಗಳೂ ಸರಿಯಾಗಿವೆ. ಗೊಂದಲ ಹುಟ್ಟುವುದು ಕ್ರಿಯಾಟಿನಿನ್ನಿಗೆ ಒಂದೇ ಸಹಜ ಮಿತಿಯನ್ನು ಹಾಕಿ, ಅದನ್ನು ಎಲ್ಲ ವಯಸ್ಸಿನ, ಎಲ್ಲ ಮೈಕಟ್ಟಿನವರಿಗೂ ಅನ್ವಯಿಸುವ ರೂಢಿಯಿಂದ.

ಪ್ರತಿಯೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ನೆಫ್ರಾನ್‌ಗಳಿರುತ್ತವೆ. ಪ್ರತಿ ನೆಫ್ರಾನಿನ ತುದಿಯಲ್ಲಿ ಗ್ಲೊಮೆರುಲಸ್ ಎಂಬ ಸೂಕ್ಷ್ಮ ರಕ್ತನಾಳಗಳ ಗೊಂಚಲಿದ್ದು, ರಕ್ತದ ದ್ರವಭಾಗ ಅಲ್ಲಿ ಸೋಸಿ ಹೊರಬರುತ್ತದೆ. ಆರೋಗ್ಯವಂತ ಯುವಕರಲ್ಲಿ ಎರಡೂ ಕಿಡ್ನಿಗಳು ಸೇರಿ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್, ಅಂದರೆ ದಿನಕ್ಕೆ 180 ಲೀಟರಿನಷ್ಟು ದ್ರವವನ್ನು ಸೋಸುತ್ತವೆ. ಅದರಲ್ಲಿ ನೂರಕ್ಕೆ 99 ಭಾಗ ಮುಂದಿನ ನಾಳಿಕೆಗಳಲ್ಲಿ ಮರಳಿ ರಕ್ತಕ್ಕೆ ಸೇರಿ, ಒಂದೆರಡು ಲೀಟರ್ ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ನಿಮಿಷಕ್ಕೆ ಎಷ್ಟು ಸೋಸಲ್ಪಡುತ್ತದೆ ಎಂಬ ಈ ವೇಗವೇ ಜಿಎಫ್‌ಆರ್. ಅದನ್ನು ಮನುಷ್ಯರಲ್ಲಿ ನೇರವಾಗಿ ಅಳೆಯಲು ದಾರಿಯಿಲ್ಲ. ಕಿಡ್ನಿಯ ಮೂಲಕ ಹೊರಹೋಗುವ ಯಾವುದಾದರೂ ಒಂದು ವಸ್ತುವಿನ ನಡವಳಿಕೆಯನ್ನು ನೋಡಿ ಊಹಿಸಬೇಕು. ರಕ್ತಪರೀಕ್ಷೆಯಿಂದ ಸೂತ್ರದ ಮೂಲಕ ಹೀಗೆ ಅಂದಾಜಿಸಿದ ಜಿಎಫ್‌ಆರ್ ಅನ್ನೇ ಇಜಿಎಫ್‌ಆರ್ ಎನ್ನುತ್ತಾರೆ.

ಕ್ರಿಯಾಟಿನಿನ್ ಅಂಥ ಒಂದು ವಸ್ತು. ಸ್ನಾಯುಗಳಲ್ಲಿರುವ ಕ್ರಿಯಾಟಿನ್ ಪ್ರತಿದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಕ್ರಿಯಾಟಿನಿನ್ ಆಗಿ ಮಾರ್ಪಟ್ಟು ರಕ್ತಕ್ಕೆ ಸೇರುತ್ತದೆ, ಕಿಡ್ನಿ ಅದನ್ನು ಹೊರಹಾಕುತ್ತದೆ. ಸೋಸುವಿಕೆ ಅರ್ಧಕ್ಕೆ ಇಳಿದರೂ ಉತ್ಪತ್ತಿ ನಿಲ್ಲುವುದಿಲ್ಲವಾದ್ದರಿಂದ ರಕ್ತದಲ್ಲಿ ಅದು ಶೇಖರವಾಗುತ್ತ ಹೋಗಿ, ಮಟ್ಟ ಸುಮಾರು ಎರಡರಷ್ಟಾದಾಗ ಉತ್ಪತ್ತಿ ಮತ್ತು ವಿಸರ್ಜನೆ ಮತ್ತೆ ಸರಿಹೊಂದುತ್ತವೆ. ಆದ್ದರಿಂದ ವರದಿಯಲ್ಲಿ ಕಾಣುವ ಅಂಕಿ ಸೋಸುವಿಕೆಯೊಂದರ ಅಳತೆಯಾಗಿರದೆ, ಎಷ್ಟು ಹುಟ್ಟುತ್ತಿದೆ ಮತ್ತು ಎಷ್ಟು ಸೋಸುತ್ತಿದೆ ಎಂಬ ಎರಡರ ಫಲವಾಗಿರುತ್ತದೆ. ನಿಮ್ಮ ತಮ್ಮನ ಸ್ನಾಯುಗಳು ಹೆಚ್ಚು ಕ್ರಿಯಾಟಿನಿನ್ ಉತ್ಪಾದಿಸುತ್ತವೆ, ಕಿಡ್ನಿಗಳು ಅಷ್ಟನ್ನೂ ಹೊರಹಾಕಿ ರಕ್ತದಲ್ಲಿ 1.1 ಉಳಿಸಿವೆ. ನಿಮ್ಮ ಅತ್ತೆಯವರಲ್ಲಿ ಉತ್ಪತ್ತಿಯೇ ಕಡಿಮೆ. ಆದರೂ ರಕ್ತದಲ್ಲಿ 1.1 ಉಳಿದಿದೆ ಎಂದರೆ ಸೋಸುವಿಕೆ ನಿಧಾನವಾಗಿದೆ ಎಂದೇ ಅರ್ಥ. ವಯಸ್ಸು ಮತ್ತು ಲಿಂಗವನ್ನು ಪರಿಗಣಿಸಿ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತರುವುದೇ ಇಜಿಎಫ್‌ಆರ್ ಸೂತ್ರದ ಕೆಲಸ. ಈಗ ಬಹಳ ಕಡೆ ಬಳಕೆಯಲ್ಲಿರುವುದು 2021ರಲ್ಲಿ ಪರಿಷ್ಕೃತವಾದ ಸಿಕೆಡಿ-ಎಪಿ ಸೂತ್ರ. ನೀವು ಕೊಟ್ಟ 56 ಮತ್ತು 96 ಎರಡೂ ಅದಕ್ಕೆ ಸರಿಹೊಂದುತ್ತವೆ.

ಇನ್ನೊಂದು ಮಾತು. ಯಾರಿಗಾದರೂ ಕ್ರಿಯಾಟಿನಿನ್ 0.6ರಿಂದ 1.2ಕ್ಕೆ ಏರಿದರೆ ಬಹಳಷ್ಟು ವರದಿಗಳಲ್ಲಿ ಎರಡೂ ಸಹಜ ಮಿತಿಯೊಳಗೇ ಕಾಣುತ್ತವೆ, ಆದರೆ ಆ ವ್ಯಕ್ತಿ ಹೆಚ್ಚುಕಡಿಮೆ ಅರ್ಧ ಸೋಸುವಿಕೆಯನ್ನು ಕಳೆದುಕೊಂಡಿರುತ್ತಾರೆ. ಹಳೆಯ ವರದಿಗಳನ್ನು ಎಸೆಯದೆ ಇಟ್ಟುಕೊಳ್ಳಿ ಎಂದು ನಾವು ಹೇಳುವುದು ಇದಕ್ಕಾಗಿಯೇ.

56 ಎಂಬ ಒಂದು ಅಂಕಿಯಿಂದಲೇ ಅತ್ತೆಯವರಿಗೆ ಕಿಡ್ನಿ ಕಾಯಿಲೆ ಎಂದು ತೀರ್ಮಾನಿಸುವಂತಿಲ್ಲ. 60ಕ್ಕಿಂತ ಕಡಿಮೆ ಮಟ್ಟ ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಮಾತ್ರ ಅದನ್ನು ದೀರ್ಘಕಾಲಿಕ ಮೂತ್ರಪಿಂಡ ಕಾಯಿಲೆ ಎನ್ನುತ್ತಾರೆ. ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ (ರಕ್ತದ ಒಂದು ಪ್ರೊಟೀನ್) ಮತ್ತು ಕ್ರಿಯಾಟಿನಿನ್ ಅನುಪಾತವನ್ನು ಪರೀಕ್ಷಿಸಲೇಬೇಕು. ಒಂದು ಗ್ರಾಂ ಕ್ರಿಯಾಟಿನಿನ್ನಿಗೆ 30 ಮಿಲಿಗ್ರಾಂಗಿಂತ ಕಡಿಮೆ ಅಲ್ಬುಮಿನ್ ಇದ್ದು, ಜಿಎಫ್‌ಆರ್ 56ರಲ್ಲೇ ಸ್ಥಿರವಾಗಿದ್ದರೆ ಆತಂಕಕ್ಕೆ ಅಷ್ಟು ಕಾರಣವಿಲ್ಲ. 300ಕ್ಕಿಂತ ಹೆಚ್ಚಿದ್ದರೆ ಅದೇ 56ರ ಅರ್ಥವೇ ಬೇರೆ. ಕ್ರಿಯಾಟಿನಿನ್ನನ್ನು ಮತ್ತೆ ಮತ್ತೆ ಪರೀಕ್ಷಿಸಿಕೊಳ್ಳುವ ಜನ ಈ ಸರಳ ಮೂತ್ರ ಪರೀಕ್ಷೆಯನ್ನು ಒಮ್ಮೆಯೂ ಮಾಡಿಸದಿರುವುದನ್ನು ನಾನು ಆಗಾಗ ನೋಡುತ್ತೇನೆ.

ಪ್ರಶ್ನೆ: ನಾನು ಪದವಿ ತರಗತಿಯ ವಿದ್ಯಾರ್ಥಿನಿ. ಕ್ಲಿಯರೆನ್ಸ್ ಎಂಬುದನ್ನು ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಎಂದು ಹೇಳುತ್ತಾರೆ. ಕಿಡ್ನಿ ಹೊರಹಾಕುವುದು ಕಶ್ಮಲವನ್ನು. ಅದನ್ನು ಮಿಲಿಗ್ರಾಂನಲ್ಲಿ ಹೇಳದೆ ದ್ರವದ ಅಳತೆಯಲ್ಲಿ ಹೇಳುವುದೇಕೆ? ಗ್ಲೂಕೋಸಿನ ಕ್ಲಿಯರೆನ್ಸ್ ಸೊನ್ನೆ ಎಂದೂ ಪಠ್ಯದಲ್ಲಿದೆ. ದಯವಿಟ್ಟು ವಿವರಿಸಿ.

ಉತ್ತರ: ಒಳ್ಳೆಯ ಪ್ರಶ್ನೆ. ಮೊದಲು ಲೆಕ್ಕವನ್ನೇ ಮಾಡಿ ನೋಡೋಣ. ಇನುಲಿನ್ ಎಂಬ ಸಸ್ಯಜನ್ಯ ಶರ್ಕರವನ್ನು ಒಬ್ಬರ ರಕ್ತನಾಳಕ್ಕೆ ನಿಧಾನವಾಗಿ, ಒಂದೇ ವೇಗದಲ್ಲಿ ಹರಿಸುತ್ತಿದ್ದೇವೆ ಎಂದಿಟ್ಟುಕೊಳ್ಳಿ. ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಅದರ ಪ್ರಮಾಣ ಮಿಲಿಲೀಟರಿಗೆ 0.25 ಮಿಲಿಗ್ರಾಂನಲ್ಲಿ ಸ್ಥಿರವಾಗಿದೆ. ಮೂತ್ರ ನಿಮಿಷಕ್ಕೆ 2 ಮಿಲಿಲೀಟರ್ ಬರುತ್ತಿದ್ದು, ಅದರ ಪ್ರತಿ ಮಿಲಿಲೀಟರಿನಲ್ಲಿ 15 ಮಿಲಿಗ್ರಾಂ ಇನುಲಿನ್ ಇದೆ. ಅಂದರೆ ನಿಮಿಷಕ್ಕೆ 30 ಮಿಲಿಗ್ರಾಂ ಹೊರಹೋಗುತ್ತಿದೆ. ಈ 30 ಮಿಲಿಗ್ರಾಂ ಬರಬೇಕಾದರೆ ಎಷ್ಟು ಪ್ಲಾಸ್ಮಾ ಬೇಕು? 30ನ್ನು 0.25ರಿಂದ ಭಾಗಿಸಿದರೆ 120 ಮಿಲಿಲೀಟರ್. ಇದೇ ಕ್ಲಿಯರೆನ್ಸ್: ಮೂತ್ರದಲ್ಲಿನ ಸಾಂದ್ರತೆಯನ್ನು ನಿಮಿಷದ ಮೂತ್ರ ಪ್ರಮಾಣದಿಂದ ಗುಣಿಸಿ, ಪ್ಲಾಸ್ಮಾದ ಸಾಂದ್ರತೆಯಿಂದ ಭಾಗಿಸಿದಾಗ ಸಿಗುವ ಅಂಕಿ.

ಇಲ್ಲಿ ಒಂದು ತಪ್ಪುಕಲ್ಪನೆಗೆ ಅವಕಾಶವಿದೆ. ಯಾವುದೋ 120 ಮಿಲಿಲೀಟರ್ ಪ್ಲಾಸ್ಮಾ ಪೂರ್ತಿ ಶುದ್ಧವಾಗಿ, ಉಳಿದದ್ದು ಹಾಗೆಯೇ ಹಿಂತಿರುಗುವುದಿಲ್ಲ. ಕಿಡ್ನಿಗಳ ಮೂಲಕ ನಿಮಿಷಕ್ಕೆ ಸುಮಾರು 600 ಮಿಲಿಲೀಟರ್ ಪ್ಲಾಸ್ಮಾ ಹಾದುಹೋಗುತ್ತದೆ, ಅದರ ಐದನೇ ಒಂದು ಭಾಗ ಸೋಸಲ್ಪಡುತ್ತದೆ. 600 ಮಿಲಿಲೀಟರ್ ತನ್ನ ಇನುಲಿನ್ನಿನ ಐದನೇ ಒಂದು ಭಾಗವನ್ನು ಕಳೆದುಕೊಳ್ಳುವುದೂ 120 ಮಿಲಿಲೀಟರ್ ತನ್ನಲ್ಲಿರುವುದೆಲ್ಲವನ್ನೂ ಕಳೆದುಕೊಳ್ಳುವುದೂ ಲೆಕ್ಕದಲ್ಲಿ ಒಂದೇ. ಮಿಲಿಗ್ರಾಂನಲ್ಲಿ ಹೇಳಿದರೆ ಆಗುವ ತೊಂದರೆಯನ್ನೂ ಗಮನಿಸಿ: ಕಿಡ್ನಿ ಅರ್ಧ ಕೆಟ್ಟವರೂ ದಿನಕ್ಕೆ ಮೊದಲಿನಷ್ಟೇ ಮಿಲಿಗ್ರಾಂ ಕ್ರಿಯಾಟಿನಿನ್ ಹೊರಹಾಕುತ್ತಾರೆ, ಏಕೆಂದರೆ ಹುಟ್ಟಿದ್ದೆಲ್ಲ ಹೊರಹೋಗಲೇಬೇಕು. ಅದನ್ನು ಹೊರಹಾಕಲು ರಕ್ತದಲ್ಲಿ ಎಷ್ಟು ಮಟ್ಟ ಏರಬೇಕಾಯಿತು ಎಂಬುದರಲ್ಲೇ ಕಾಯಿಲೆಯ ಸುಳಿವಿದೆ.

ಇನುಲಿನ್ನನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಅದು ಗ್ಲೊಮೆರುಲಸಿನಲ್ಲಿ ಸರಾಗವಾಗಿ ಸೋಸುತ್ತದೆ. ನಾಳಿಕೆಗಳು ಅದನ್ನು ಮರಳಿ ಹೀರುವುದೂ ಇಲ್ಲ, ಹೊಸದಾಗಿ ಸ್ರವಿಸುವುದೂ ಇಲ್ಲ. ಆದ್ದರಿಂದ ಅದರ ಕ್ಲಿಯರೆನ್ಸ್ ಜಿಎಫ್‌ಆರ್‌ಗೆ ಸಮ. 1930ರ ದಶಕದಲ್ಲಿ ಹೋಮರ್ ಸ್ಮಿತ್, ಜೇಮ್ಸ್ ಶಾನನ್ ಮೊದಲಾದ ವಿಜ್ಞಾನಿಗಳು ಇದನ್ನು ಖಚಿತಪಡಿಸಿದ ಮೇಲೆ ಉಳಿದೆಲ್ಲ ವಸ್ತುಗಳನ್ನು ಅದರೊಡನೆ ಹೋಲಿಸಿ ನೋಡುವುದು ಸಾಧ್ಯವಾಯಿತು. ಯಾವುದರ ಕ್ಲಿಯರೆನ್ಸ್ ಇನುಲಿನ್ನಿಗಿಂತ ಕಡಿಮೆಯೋ ಅದನ್ನು ನಾಳಿಕೆಗಳು ಹೀರುತ್ತಿವೆ, ಇಲ್ಲವೇ ಅದು ಸಲೀಸಾಗಿ ಸೋಸುತ್ತಿಲ್ಲ. ಹೆಚ್ಚಾಗಿದ್ದರೆ ನಾಳಿಕೆಗಳು ಅದನ್ನು ಸ್ರವಿಸುತ್ತಿವೆ. ಗ್ಲೂಕೋಸ್ ಪೂರ್ತಿ ಸೋಸಿದರೂ, ಮಧುಮೇಹವಿಲ್ಲದವರಲ್ಲಿ ಪೂರ್ತಿ ಮರಳಿ ಹೀರಲ್ಪಡುವುದರಿಂದ ಮೂತ್ರದಲ್ಲಿ ಲೆಕ್ಕಕ್ಕೆ ಸಿಗುವಷ್ಟು ಉಳಿಯುವುದಿಲ್ಲ, ಕ್ಲಿಯರೆನ್ಸ್ ಸೊನ್ನೆಯಾಗುತ್ತದೆ. ಯೂರಿಯಾ ಸೋಸಿದ ಮೇಲೆ ಸುಮಾರು ಅರ್ಧದಷ್ಟು ಮರಳುತ್ತದೆ, ಹಾಗಾಗಿ ಅದು ಜಿಎಫ್‌ಆರನ್ನು ಕಡಿಮೆ ತೋರಿಸುತ್ತದೆ. ಪ್ಯಾರಾ-ಅಮೈನೊಹಿಪ್ಯುರಿಕ್ ಆಮ್ಲವನ್ನು ನಾಳಿಕೆಗಳು ಎಷ್ಟು ಜೋರಾಗಿ ಸ್ರವಿಸುತ್ತವೆಂದರೆ, ಒಮ್ಮೆ ಹಾದುಹೋಗುವಷ್ಟರಲ್ಲೇ ರಕ್ತದಿಂದ ನೂರಕ್ಕೆ ಸುಮಾರು 90 ಭಾಗ ತೆಗೆಯಲ್ಪಡುತ್ತದೆ. ಆದ್ದರಿಂದ ಅದರ ಕ್ಲಿಯರೆನ್ಸ್ ಸೋಸುವಿಕೆಯನ್ನು ತೋರಿಸುವ ಬದಲು ಕಿಡ್ನಿಗೆ ಹರಿಯುವ ಪ್ಲಾಸ್ಮಾದ ಪ್ರಮಾಣವನ್ನು ತೋರಿಸುತ್ತದೆ. ಸೂತ್ರ ಒಂದೇ, ವಸ್ತುವನ್ನು ಬದಲಿಸಿದಂತೆ ಕಿಡ್ನಿಯ ಬೇರೆ ಬೇರೆ ಕೆಲಸಗಳು ಬಯಲಾಗುತ್ತವೆ.

ಪ್ರಶ್ನೆ: ನನಗೆ 42 ವರ್ಷ, ತೂಕ 60 ಕಿಲೊ. 24 ಗಂಟೆಗಳ ಮೂತ್ರ ಸಂಗ್ರಹಿಸಿ ಕ್ರಿಯಾಟಿನಿನ್ ಕ್ಲಿಯರೆನ್ಸ್ ಪರೀಕ್ಷೆ ಮಾಡಿಸಿದಾಗ 83 ಬಂತು. ಒಂದು ತಿಂಗಳ ನಂತರ 64 ಬಂದಿದೆ. ರಕ್ತದ ಕ್ರಿಯಾಟಿನಿನ್ ಎರಡು ಸಲವೂ 1.0. ಎರಡೂ ವರದಿಗಳ ಪ್ರತಿ ಲಗತ್ತಿಸಿದ್ದೇನೆ. ಕಿಡ್ನಿ ಇಷ್ಟು ಬೇಗ ಹದಗೆಡುತ್ತದೆಯೆ?

ಉತ್ತರ: ನಿಮ್ಮ ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಮೊದಲ ಸಲ ಮೂತ್ರದ ಪ್ರಮಾಣ 1500 ಮಿಲಿಲೀಟರ್, ಅದರಲ್ಲಿ ಕ್ರಿಯಾಟಿನಿನ್ ಡೆಸಿಲೀಟರಿಗೆ 80 ಮಿಲಿಗ್ರಾಂ. 80ನ್ನು 1500ರಿಂದ ಗುಣಿಸಿ, ದಿನದ 1440 ನಿಮಿಷಗಳಿಂದಲೂ ರಕ್ತದ ಮಟ್ಟವಾದ 1.0ರಿಂದಲೂ ಭಾಗಿಸಿದರೆ 83. ಎರಡನೇ ಸಲ ಸಾಂದ್ರತೆ ಅದೇ 80, ಆದರೆ ಮೂತ್ರ 1150 ಮಿಲಿಲೀಟರ್, ಆದ್ದರಿಂದ 64. ಈಗ ದಿನವಿಡೀ ಹೊರಹೋದ ಕ್ರಿಯಾಟಿನಿನ್ನಿನ ಒಟ್ಟು ತೂಕವನ್ನು ನೋಡಿ. ಮೊದಲ ಸಲ 1200 ಮಿಲಿಗ್ರಾಂ, ಅಂದರೆ ದೇಹತೂಕದ ಪ್ರತಿ ಕಿಲೊಗೆ 20. ಎರಡನೇ ಸಲ 920, ಅಂದರೆ ಕಿಲೊಗೆ 15ರ ಆಸುಪಾಸು. 50 ವರ್ಷದೊಳಗಿನ ಗಂಡಸರಲ್ಲಿ ಇದು ಸಾಮಾನ್ಯವಾಗಿ 20ರಿಂದ 25, ಹೆಂಗಸರಲ್ಲಿ 15ರಿಂದ 20 ಇರುತ್ತದೆ. ನಿಮ್ಮ ಸ್ನಾಯುಗಳು ಒಂದು ತಿಂಗಳಲ್ಲಿ ಕಾಲುಭಾಗ ಕರಗಿಲ್ಲವಾದರೆ, ಕಿಡ್ನಿ ನಿಜಕ್ಕೂ ಕುಂಠಿತವಾಗಿದ್ದರೆ ರಕ್ತದ ಮಟ್ಟ 1.0ರಲ್ಲೇ ನಿಲ್ಲುತ್ತಿರಲಿಲ್ಲವಾದ್ದರಿಂದ, ಎರಡನೇ ಸಲ ಒಂದು ಬಾರಿಯ ಮೂತ್ರ ಡಬ್ಬಕ್ಕೆ ಸೇರದೆ ಹೋಗಿದೆ ಎಂಬುದೇ ಹೆಚ್ಚು ಸಂಭವನೀಯ.

ಈ ಪರೀಕ್ಷೆಯಲ್ಲಿ ಬಹುಪಾಲು ತಪ್ಪುಗಳು ಪ್ರಯೋಗಾಲಯ ತಲುಪುವ ಮುನ್ನವೇ ಆಗಿರುತ್ತವೆ. ಬೆಳಿಗ್ಗೆ ಎದ್ದ ಕೂಡಲೇ ಮಾಡಿದ ಮೂತ್ರವನ್ನು ಬಿಟ್ಟು, ಆ ಗಳಿಗೆಯ ಸಮಯವನ್ನು ಬರೆದಿಟ್ಟುಕೊಂಡು, ಅಲ್ಲಿಂದ ಮುಂದೆ ಹಗಲು ರಾತ್ರಿ ಬಂದದ್ದೆಲ್ಲವನ್ನೂ ಕೂಡಿಟ್ಟು, ಮರುದಿನ ಅದೇ ಹೊತ್ತಿಗೆ ಮೂತ್ರಕೋಶ ಖಾಲಿ ಮಾಡಿ ಅದನ್ನೂ ಸೇರಿಸಬೇಕು. ಮೊದಲ ಮೂತ್ರವನ್ನೂ ಡಬ್ಬಕ್ಕೆ ಹಾಕುವವರು ಇಡೀ ಒಂದು ರಾತ್ರಿಯ ಮೂತ್ರವನ್ನು ಹೆಚ್ಚುವರಿಯಾಗಿ ಸೇರಿಸಿರುತ್ತಾರೆ, ಅವರ ಕ್ಲಿಯರೆನ್ಸ್ ಹುಸಿಯಾಗಿ ಏರುತ್ತದೆ. ಮಲವಿಸರ್ಜನೆಯ ಹೊತ್ತಿನಲ್ಲಿ ಹೋದ ಮೂತ್ರವನ್ನು ಮರೆಯುವವರೇ ಬಹಳ. ಪ್ರಾಸ್ಟೇಟ್ ತೊಂದರೆಯಿಂದ ಮೂತ್ರಕೋಶ ಪೂರ್ತಿ ಖಾಲಿಯಾಗದವರಲ್ಲಂತೂ ಎಷ್ಟು ಎಚ್ಚರ ವಹಿಸಿದರೂ ಲೆಕ್ಕ ತಪ್ಪಬಹುದು.

ಸಂಗ್ರಹ ನಿಖರವಾಗಿದ್ದರೂ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಜವಾದ ಜಿಎಫ್‌ಆರ್‌ಗಿಂತ ತುಸು ಹೆಚ್ಚೇ ಬರುತ್ತದೆ, ಏಕೆಂದರೆ ಮೂತ್ರದಲ್ಲಿನ ಕ್ರಿಯಾಟಿನಿನ್ನಿನ ಶೇಕಡಾ 10ರಿಂದ 20 ಭಾಗವನ್ನು ನಾಳಿಕೆಗಳು ಸ್ರವಿಸಿರುತ್ತವೆ. ಕಿಡ್ನಿ ಕೆಟ್ಟಷ್ಟೂ ಈ ಪಾಲು ಹೆಚ್ಚುತ್ತದೆ. ಇಷ್ಟೆಲ್ಲ ಇರುವುದರಿಂದ ಸಾಮಾನ್ಯ ಸಂದರ್ಭದಲ್ಲಿ ಈಗ ಈ ಪರೀಕ್ಷೆಯನ್ನು ಹೆಚ್ಚಾಗಿ ಹೇಳುವುದಿಲ್ಲ.

ಪ್ರಶ್ನೆ: ಪರೀಕ್ಷೆಗೆ ಮುನ್ನ ಹೆಚ್ಚು ನೀರು ಕುಡಿದರೆ ಕ್ರಿಯಾಟಿನಿನ್ ಇಳಿಯುತ್ತದೆಯೆ?

ಉತ್ತರ: ದೇಹದಲ್ಲಿ ನೀರಿನ ಅಂಶ ಕಡಿಮೆಯಾಗಿ ಏರಿದ್ದರೆ, ಆ ಕೊರತೆ ತುಂಬಿದಾಗ ಇಳಿಯುತ್ತದೆ. ಉಳಿದಂತೆ ಹೆಚ್ಚುವರಿ ನೀರು ಮೂತ್ರವನ್ನು ತೆಳುವಾಗಿಸುತ್ತದೆಯೇ ಹೊರತು ಸೋಸುವಿಕೆಯನ್ನು ಹೆಚ್ಚಿಸುವುದಿಲ್ಲ. ಹಿಂದಿನ ರಾತ್ರಿ ಬೇಯಿಸಿದ ಮಾಂಸವನ್ನು ಹೆಚ್ಚು ತಿಂದಿದ್ದರೆ ಮಾತ್ರ ವರದಿಯಲ್ಲಿ ಕೊಂಚ ಏರಿಕೆ ಕಾಣಬಹುದು.

ಪ್ರಶ್ನೆ: ನಾನು 28 ವರ್ಷದವನು, ನಿತ್ಯ ಜಿಮ್‌ಗೆ ಹೋಗುತ್ತೇನೆ, ಕ್ರಿಯಾಟಿನ್ ಪುಡಿಯನ್ನೂ ಸೇವಿಸುತ್ತೇನೆ. ಕ್ರಿಯಾಟಿನಿನ್ 1.5, ಇಜಿಎಫ್‌ಆರ್ 65 ಬಂದಿದೆ. ರಕ್ತದೊತ್ತಡ ಸರಿಯಾಗಿದೆ, ಮೂತ್ರದಲ್ಲಿ ಅಲ್ಬುಮಿನ್ ಇಲ್ಲ. ಇದು ಕಾಯಿಲೆಯೆ?

ಉತ್ತರ: ನಿಮ್ಮಂಥವರಲ್ಲಿ ಸೂತ್ರ ಎಡವುವ ಸಂಭವ ಹೆಚ್ಚು. ಅದಕ್ಕೆ ನಿಮ್ಮ ವಯಸ್ಸು ಗೊತ್ತು, ತೋಳಿನ ಗಾತ್ರ ಗೊತ್ತಿಲ್ಲ. ನಿಮ್ಮ ವಯಸ್ಸಿನ ಸರಾಸರಿ ಗಂಡಸಿನಷ್ಟೇ ಕ್ರಿಯಾಟಿನಿನ್ ನಿಮ್ಮಲ್ಲೂ ಹುಟ್ಟುತ್ತದೆ ಎಂದು ಅದು ಭಾವಿಸುತ್ತದೆ. ಪುಡಿಯಲ್ಲಿರುವ ಕ್ರಿಯಾಟಿನ್ ಕೂಡ ಒಂದಿಷ್ಟು ಕ್ರಿಯಾಟಿನಿನ್ ಆಗುತ್ತದೆ. ಕೆಲವು ವಾರ ಪುಡಿ ನಿಲ್ಲಿಸಿ, ಪರೀಕ್ಷೆಯ ಹಿಂದಿನ ಎರಡು ದಿನ ಕಠಿಣ ವ್ಯಾಯಾಮ ಮಾಡದೆ, ರಕ್ತವನ್ನು ಮತ್ತೊಮ್ಮೆ ಕೊಡಿ. ಆಗ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆಯನ್ನೂ ಮಾಡಿಸುವುದು ಸೂಕ್ತ. ಇದು ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಹುಟ್ಟುವ ಸಣ್ಣ ಪ್ರೊಟೀನ್ ಆದ್ದರಿಂದ ಸ್ನಾಯುಗಳ ಗಾತ್ರವನ್ನು ಅಷ್ಟಾಗಿ ಅವಲಂಬಿಸುವುದಿಲ್ಲ. ಅದರಿಂದ ಲೆಕ್ಕ ಹಾಕಿದ ಜಿಎಫ್‌ಆರ್ 90ಕ್ಕಿಂತ ಮೇಲಿದ್ದರೆ ನಿಮ್ಮ 1.5ಕ್ಕೆ ಸ್ನಾಯುಗಳೇ ಕಾರಣ ಎನ್ನಬಹುದು. ಅದಕ್ಕೂ ತನ್ನದೇ ಆದ ಮಿತಿಗಳಿವೆ: ಥೈರಾಯ್ಡ್ ಏರುಪೇರು, ಸ್ಟೀರಾಯ್ಡ್ ಔಷಧ, ಬೊಜ್ಜು, ಧೂಮಪಾನ ಇವುಗಳಿಂದ ಮಟ್ಟ ಬದಲಾಗುತ್ತದೆ. ಅಂಥ ತೊಡಕುಗಳು ಇಲ್ಲದಿದ್ದಾಗ ಕ್ರಿಯಾಟಿನಿನ್ ಮತ್ತು ಸಿಸ್ಟಾಟಿನ್ ಸಿ ಎರಡನ್ನೂ ಸೇರಿಸಿದ ಸೂತ್ರ ಒಂದೊಂದಕ್ಕಿಂತ ಹೆಚ್ಚು ನಿಖರವಾಗಿರುತ್ತದೆ.

ಇದರ ವಿರುದ್ಧ ದಿಕ್ಕಿನ ತಪ್ಪು ನನ್ನ ದೃಷ್ಟಿಯಲ್ಲಿ ಹೆಚ್ಚು ಅಪಾಯಕಾರಿ. ಬಹುಕಾಲ ಹಾಸಿಗೆ ಹಿಡಿದವರು, ಯಕೃತ್ತಿನ ಕಾಯಿಲೆಯಿಂದ ಸೊರಗಿದವರು, ಕಾಲು ಕಳೆದುಕೊಂಡವರು ಇವರಲ್ಲೆಲ್ಲ ಕ್ರಿಯಾಟಿನಿನ್ 0.7 ಎಂದು ಬಂದು, ಇಜಿಎಫ್‌ಆರ್ ಬಹಳ ಚೆನ್ನಾಗಿ ಕಂಡು, ಕಿಡ್ನಿ ಸಹಿಸಲಾರದಷ್ಟು ಔಷಧವನ್ನು ಬರೆಯುವ ಸಂಭವವಿರುತ್ತದೆ.

ಪ್ರಶ್ನೆ: ನನ್ನ ತಂದೆಗೆ 72 ವರ್ಷ, ತೂಕ 54 ಕಿಲೊ, ಎತ್ತರ 160 ಸೆಂಟಿಮೀಟರ್, ಕ್ರಿಯಾಟಿನಿನ್ 1.3. ಮೊಬೈಲಿನ ಒಂದು ಲೆಕ್ಕದಲ್ಲಿ 39 ಎಂದೂ ಇನ್ನೊಂದರಲ್ಲಿ 58 ಎಂದೂ ಬರುತ್ತದೆ. ಔಷಧದ ಪ್ರಮಾಣವನ್ನು ಯಾವುದರ ಮೇಲೆ ನಿರ್ಧರಿಸುತ್ತಾರೆ?

ಉತ್ತರ: 39 ಬಂದಿರುವುದು 1976ರ ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಿಂದ. 140ರಿಂದ ವಯಸ್ಸನ್ನು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್ನಿನ 72ರಷ್ಟರಿಂದ ಭಾಗಿಸುವ ಲೆಕ್ಕ ಅದು. ಹೆಂಗಸರಿಗೆ ಬಂದ ಉತ್ತರವನ್ನು 0.85ರಿಂದ ಗುಣಿಸುತ್ತಾರೆ. 58 ಬಂದಿರುವುದು ಸಿಕೆಡಿ-ಎಪಿ ಸೂತ್ರದಿಂದ. ಮೊದಲನೆಯದು ಕ್ರಿಯಾಟಿನಿನ್ ಕ್ಲಿಯರೆನ್ಸನ್ನು ನಿಮ್ಮ ತಂದೆಯ ದೇಹಕ್ಕೆ ನೇರವಾಗಿ ಅಂದಾಜಿಸುತ್ತದೆ. ಎರಡನೆಯದು ದೇಹದ ಮೇಲ್ಮೈ 1.73 ಚದರ ಮೀಟರ್ ಇದ್ದಿದ್ದರೆ ಜಿಎಫ್‌ಆರ್ ಎಷ್ಟಿರುತ್ತಿತ್ತು ಎಂದು ಹೇಳುತ್ತದೆ. ಕಾಯಿಲೆಯ ಹಂತವನ್ನು ಜನರ ನಡುವೆ ಹೋಲಿಸಲು ಇದು ಅನುಕೂಲ. ಆದರೆ ಔಷಧವನ್ನು ಹೊರಹಾಕಬೇಕಾದದ್ದು ಅವರ ನಿಜವಾದ ಕಿಡ್ನಿಗಳು. ಅವರ ಮೇಲ್ಮೈ ಸುಮಾರು 1.55 ಚದರ ಮೀಟರ್. ಅದಕ್ಕೆ ಹೊಂದಿಸಿದರೆ 58 ಇಳಿದು 52 ಆಗುತ್ತದೆ. ಉಳಿದ ಅಂತರ ಸೂತ್ರಗಳದೇ. ಹಲವು ಹಳೆಯ ಔಷಧಗಳ ಪ್ರಮಾಣವನ್ನು ಕಾಕ್‌ಕ್ರಾಫ್ಟ್-ಗಾಲ್ಟ್ ಆಧಾರದ ಮೇಲೆ ನಿಗದಿಪಡಿಸಿರುವುದರಿಂದ ಅದು ಇನ್ನೂ ಬಳಕೆಯಲ್ಲಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧದಂಥ, ಹೆಚ್ಚಾದರೂ ಕಡಿಮೆಯಾದರೂ ಹಾನಿ ಮಾಡುವ ಔಷಧ ಕೊಡುವಾಗ ಎರಡೂ ಅಂಕಿಗಳನ್ನು ವೈದ್ಯರ ಮುಂದಿಡಿ.

ಪ್ರಶ್ನೆ: ಅಣ್ಣನಿಗೆ ಕಿಡ್ನಿ ದಾನ ಮಾಡಲು ಸಿದ್ಧಳಿದ್ದೇನೆ. ನನ್ನ ಇಜಿಎಫ್‌ಆರ್ 98 ಇದ್ದರೂ ಡಿಟಿಪಿಎ ಸ್ಕ್ಯಾನ್ ಆಗಲೇಬೇಕು ಎನ್ನುತ್ತಿದ್ದಾರೆ. ಏಕೆ?

ಉತ್ತರ: 98 ಎಂಬುದು ಅಂದಾಜು, ನಿಮ್ಮ ನಿಜವಾದ ಜಿಎಫ್‌ಆರ್ 80 ಇರಬಹುದು, 115 ಕೂಡ ಇರಬಹುದು. ಒಂದು ಕಿಡ್ನಿಯನ್ನು ತೆಗೆಯುವ ಮುನ್ನ ಅಂದಾಜಿನ ಮೇಲಷ್ಟೇ ನಿಲ್ಲುವುದು ಸರಿಯಲ್ಲ. ಇದಲ್ಲದೆ ರಕ್ತಪರೀಕ್ಷೆ ಎರಡೂ ಕಿಡ್ನಿಗಳ ಒಟ್ಟು ಕೆಲಸವನ್ನು ಹೇಳುತ್ತದೆಯೇ ಹೊರತು ಯಾವುದರ ಪಾಲು ಎಷ್ಟು ಎಂದು ಹೇಳಲಾರದು. ಟೆಕ್ನೀಷಿಯಮ್ ಎಂಬ ಅಲ್ಪ ವಿಕಿರಣದ ಧಾತುವನ್ನು ಸೇರಿಸಿದ, ಕಿಡ್ನಿ ಸೋಸಿ ಹೊರಹಾಕುವ ಡಿಟಿಪಿಎ ಎಂಬ ವಸ್ತುವನ್ನು ರಕ್ತನಾಳಕ್ಕೆ ಚುಚ್ಚಿದಾಗ ಗಾಮಾ ಕ್ಯಾಮೆರಾದಲ್ಲಿ ಎಡಬಲಗಳ ಪಾಲು ಬೇರೆ ಬೇರೆಯಾಗಿ ಕಾಣುತ್ತದೆ. ಎರಡರ ನಡುವೆ ಗಣನೀಯ ವ್ಯತ್ಯಾಸವಿದ್ದರೆ ಹೆಚ್ಚು ಕೆಲಸ ಮಾಡುವುದನ್ನು ದಾನಿಗೇ ಉಳಿಸುವುದು ಪದ್ಧತಿ. ಒಟ್ಟು ಜಿಎಫ್‌ಆರ್ ತಿಳಿಯಲು ಮಾತ್ರ ಕ್ಯಾಮೆರಾದ ಲೆಕ್ಕಕ್ಕಿಂತ ಚುಚ್ಚುಮದ್ದಿನ ನಂತರ ಕೆಲವು ಗಂಟೆಗಳ ಅಂತರದಲ್ಲಿ ರಕ್ತದ ಮಾದರಿ ತೆಗೆದು, ವಸ್ತು ಎಷ್ಟು ವೇಗವಾಗಿ ಕಡಿಮೆಯಾಗುತ್ತಿದೆ ಎಂದು ನೋಡುವ ವಿಧಾನ ಹೆಚ್ಚು ಭರವಸೆಯದು. ವಿಕಿರಣವಿಲ್ಲದ ಅಯೊಹೆಕ್ಸಾಲ್ ಎಂಬ ವಸ್ತುವನ್ನು ಬಳಸಿಯೂ ಇದನ್ನು ಮಾಡುತ್ತಾರೆ. ಮೂತ್ರ ಸಂಗ್ರಹಿಸುವ ಗೋಜೇ ಇಲ್ಲ.

ಪ್ರಶ್ನೆ: ತೀವ್ರ ವಾಂತಿಭೇದಿಯಾಗಿ ಆಸ್ಪತ್ರೆಯಲ್ಲಿರುವ ನನ್ನ ಪತಿಯ ಕ್ರಿಯಾಟಿನಿನ್ ನಿನ್ನೆ 1.0 ಇದ್ದದ್ದು ಇಂದು 2.0 ಆಗಿದೆ. ಇಜಿಎಫ್‌ಆರ್ 37 ಎಂದು ವರದಿ ಹೇಳುತ್ತದೆ. ಮೂರನೇ ಒಂದು ಭಾಗವಾದರೂ ಉಳಿದಿದೆ ಎಂದು ಸಮಾಧಾನಪಡಬಹುದೆ?

ಉತ್ತರ: ಆ 37ನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಕ್ರಿಯಾಟಿನಿನ್ ಒಂದು ಮಟ್ಟದಲ್ಲಿ ನಿಂತಿದ್ದಾಗ ಮಾತ್ರ ಸೂತ್ರಗಳಿಗೆ ಅರ್ಥವಿದೆ. ಸೋಸುವಿಕೆ ಇದ್ದಕ್ಕಿದ್ದಂತೆ ಪೂರ್ತಿ ನಿಂತುಹೋದರೂ ರಕ್ತದ ಮಟ್ಟ ದಿನಕ್ಕೆ ಸುಮಾರು 1ರಿಂದ 1.5ರಷ್ಟೇ ಏರುತ್ತದೆ, ಏಕೆಂದರೆ ದಿನಕ್ಕೆ ಹುಟ್ಟುವುದೇ ಅಷ್ಟು. ಒಂದೇ ದಿನದಲ್ಲಿ 1.0 ಏರಿದೆ ಎಂದರೆ ಈ ಹೊತ್ತಿನ ನಿಜವಾದ ಜಿಎಫ್‌ಆರ್ 37ಕ್ಕಿಂತ ಬಹಳ ಕೆಳಗಿರಬಹುದು. ಚೇತರಿಕೆಯ ದಿನಗಳಲ್ಲಿ ಇದು ತಿರುಗುಮುರುಗಾಗುತ್ತದೆ: ಕಿಡ್ನಿ ಮತ್ತೆ ಚೆನ್ನಾಗಿ ಸೋಸತೊಡಗಿದ್ದರೂ ಶೇಖರವಾದ ಕ್ರಿಯಾಟಿನಿನ್ ಹೊರಹೋಗಲು ಸಮಯ ಬೇಕಾಗುವುದರಿಂದ ಅಂಕಿ ಹಿಂದೆ ಬೀಳುತ್ತದೆ. ಅವರನ್ನು ನೋಡಿಕೊಳ್ಳುತ್ತಿರುವ ವೈದ್ಯರು ಗಂಟೆಗೆ ಬರುವ ಮೂತ್ರದ ಪ್ರಮಾಣ, ರಕ್ತದ ಪೊಟ್ಯಾಸಿಯಮ್, ರಕ್ತದೊತ್ತಡ ಮತ್ತು ನಾಳೆಯ ಕ್ರಿಯಾಟಿನಿನ್ ಇಂದಿಗಿಂತ ಎಷ್ಟು ಏರಿದೆ ಅಥವಾ ಇಳಿದಿದೆ ಎಂಬುದನ್ನು ಗಮನಿಸುತ್ತಿರುತ್ತಾರೆ. ನೀವೂ ಅವರನ್ನು ಕೇಳಬೇಕಾದದ್ದು ಅವುಗಳ ಬಗ್ಗೆಯೇ. ನೋವುನಿವಾರಕ ಮಾತ್ರೆಗಳನ್ನಾಗಲಿ, ರಕ್ತದೊತ್ತಡ ಮತ್ತು ಮಧುಮೇಹದ ಔಷಧಗಳನ್ನಾಗಲಿ ಅವರು ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದರೆ ಅವುಗಳ ಹೆಸರನ್ನು ಇಂದೇ ವೈದ್ಯರಿಗೆ ತಿಳಿಸಿ, ಏಕೆಂದರೆ ಅವುಗಳಲ್ಲಿ ಕೆಲವನ್ನು ಮೂತ್ರದ ಹರಿವು ಸರಿಹೋಗುವವರೆಗೆ ನಿಲ್ಲಿಸಬೇಕಾಗಬಹುದು.